ಗೈರಿಗೂ ಒಂದು ಕಾರಣವಿರುತ್ತೆ



ಹೋದ ತಿಂಗಳು ಅಜ್ಜಿಯ ಕೂಡ ಜೇಜುರಿಗೆ ಹೋಗಿದ್ದೆ. ನಮ್ಮ ಮನೆದೇವರು ಮೈಲಾರಲಿಂಗ, ಅಲ್ಲಿಯವರಿಗೆ ಖಂಡೋಬಾ. ಭಂಡಾರದಿಂದ ಹಳದಿಯಾದ ಮೆಟ್ಟಿಲ ಮೇಲೆ ಹತ್ತು ವರ್ಷದ ಹುಡುಗನೊಬ್ಬ ಭಂಡಾರದ ಪೊಟ್ಟಣ ಮಾರುತ್ತಿದ್ದ. "ಇವತ್ತು ಮಂಗಳವಾರ, ಸಾಲಿ ಇಲ್ಲೇನೋ?" ಅಂತ ಅಜ್ಜಿ ತನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದಳು. ಅವನು ನನ್ನ ಕಡೆ ಬೆರಳು ಮಾಡಿ, "ಈ ಅಣ್ಣಗ ಇಲ್ಲೇನು?" ಅಂದ.

ನಾನು ಸುಮ್ಮನಾದೆ. ಆ ದಿನ ಇಬ್ಬರ ಹೆಸರಿನ ಮುಂದೂ ಒಂದೇ ಗುರುತು ಬಿದ್ದಿರಬೇಕು: ಗೈರು. ನಾನು ದೇವರಿಗೆ ಹೋದವ, ಅವನು ದುಡಿಮೆಗೆ ನಿಂತವ. ನಾನು ಕಲಿತ ಸಾಲಿಯಲ್ಲಿ, ಕಬ್ಬು ಕಡಿಯಲು ಅಪ್ಪ-ಅವ್ವನ ಹಿಂದೆ ಹೋದ ಗೆಳೆಯನಿಗೂ ಅದೇ ಗುರುತು ಬೀಳುತ್ತಿತ್ತು. ಅವನು ಮರಳಿ ಬರಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಇಂಗ್ಲೆಂಡಿನ ಶಾಲೆಗಳಲ್ಲಿ ದಿನಕ್ಕೆ ಎರಡು ಸಲ ಹಾಜರಿ. ಗೈರಾದರೆ ಕಾರಣಕ್ಕೊಂದು ಅಕ್ಷರ: ಕಾಯಿಲೆಗೆ 'ಐ', ಧರ್ಮಾಚರಣೆಗೆ 'ಆರ್', ದುಡಿಮೆಗಾಗಿ ಊರೂರು ತಿರುಗುವ ತಂದೆತಾಯಿಯ ಜತೆ ಹೋದರೆ 'ಟಿ'. ನಮ್ಮ ಕೇಂದ್ರ ಸರ್ಕಾರದ ವ್ಯಾಖ್ಯೆಯಲ್ಲಿ, ತಿಳಿಸದೆ 45 ದಿನ ಬಾರದ ಮಗು ಶಾಲೆಯಿಂದ ಹೊರಗುಳಿದಂತೆ. ಕಬ್ಬಿನ ಗ್ಯಾಂಗು ಒಂದೇ ರಾತ್ರಿಯಲ್ಲಿ ಊರು ಬಿಡುವಾಗ 45 ದಿನ ಕಾಯೋದು ಯಾಕೆ?

ನಾವು ಕಾಮರ್ಸಿನವರು ಜರ್ನಲ್ ಬರೆದು ಕೆಳಗೆ ವಿವರಣೆ ಬಿಟ್ಟರೆ ಮೇಷ್ಟ್ರು ಅಂಕ ಕಡೀತಾರೆ. ಹತ್ತು ರೂಪಾಯಿಗೂ ಕಾರಣ ಬರೆಸುವವರು ಮಗುವಿನ ದಿನಕ್ಕೂ ಒಂದು ಸಾಲು ಬರೆಸಲಿ. ಅಲ್ಲಿಯ ಹಾಗೆ ಪಾಲಕರಿಗೆ 80 ಪೌಂಡು ದಂಡ ಹಾಕೋದು ಬೇಡ. ಕೂಲಿಯವರು ಎಲ್ಲಿಂದ ತಂದಾರು? ಕಾರಣ ಗೊತ್ತಾದ ದಿನವೇ ಯಾರಾದರೂ ಆ ಮನೆ ಬಾಗಿಲಿಗೆ ಹೋದರೆ ಸಾಕು.

ನನ್ನ ಒಂದು ದಿನದ ಪಾಠವನ್ನು ಗೆಳೆಯರ ನೋಟ್ಸಿನಿಂದ ತುಂಬಿಕೊಂಡೆ. ಆ ಹುಡುಗನಿಗೆ ನೋಟ್ಸು ಕೊಡುವವರು ಯಾರು?