ಎಂ.ಬಿ.ಎ. ತರಗತಿಯಲ್ಲಿ ಎಲ್ಲರಿಗೂ ಸ್ಥಾನ: ವರ್ತಕರ ಹೊಣೆಯೂ ಇದೆ

ಮೂರು ವರ್ಷಗಳ ಹಿಂದೆ ವಿಶ್ವವಿದ್ಯಾಲಯವೊಂದರ ವ್ಯವಹಾರ ನಿರ್ವಹಣಾ ವಿಭಾಗದವರು ಎಂ.ಬಿ.ಎ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಗಳ ಮೌಖಿಕ ಪರೀಕ್ಷೆಗೆ ನನ್ನನ್ನು ಬಾಹ್ಯ ಪರೀಕ್ಷಕನಾಗಿ ಆಹ್ವಾನಿಸಿದ್ದರು. ಒಂದೇ ದಿನದಲ್ಲಿ ನಲವತ್ತು ವಿದ್ಯಾರ್ಥಿಗಳು. ಒಬ್ಬೊಬ್ಬರಿಗೆ ಎಂಟು ನಿಮಿಷ. ವರದಿಗಳನ್ನು ಮುಂಚಿತವಾಗಿ ತರಿಸಿಕೊಂಡು ಓದಿರಲಿಲ್ಲ. ಆ ತಪ್ಪು ನನ್ನದೇ. ಮಧ್ಯಾಹ್ನ ಬಂದ ಒಬ್ಬ ಯುವಕ ನಿರರ್ಗಳವಾದ ಇಂಗ್ಲಿಷಿನಲ್ಲಿ ತನ್ನ ವರದಿಯನ್ನು ವಿವರಿಸಿದ. 50ಕ್ಕೆ 42 ಅಂಕ ನೀಡಿದೆ. ಆತನ ನಂತರ ಬಂದ ವಿದ್ಯಾರ್ಥಿನಿ ಪ್ರತಿ ಪ್ರಶ್ನೆಗೂ ಒಂದೆರಡು ಶಬ್ದಗಳಲ್ಲಿ ಉತ್ತರಿಸಿ ತಲೆ ತಗ್ಗಿಸಿದಳು. ಆಕೆಗೆ 24 ನೀಡಿದೆ. ಸಂಜೆ ಅಂಕಪಟ್ಟಿಗೆ ಸಹಿ ಮಾಡಿ, ಲಕೋಟೆ ಮುಚ್ಚಿಸಿ, ಕಾಫಿಗೆ ಕುಳಿತಿದ್ದಾಗ ಮೇಜಿನ ಮೇಲಿದ್ದ ವರದಿಗಳನ್ನು ಸುಮ್ಮನೆ ತಿರುವಿ ನೋಡಿದೆ.

ಆ ವಿದ್ಯಾರ್ಥಿನಿಯ ವರದಿ ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯನ್ನು ಕುರಿತದ್ದಾಗಿತ್ತು. ಆಕೆಯ ತಂದೆ ಅದೇ ಪ್ರಾಂಗಣದಲ್ಲಿ ಹಮಾಲಿ ಮಾಡುವವರೆಂದು ಕೃತಜ್ಞತೆಯ ಪುಟದಿಂದ ತಿಳಿಯಿತು. ಅಂಗಡಿಯ ಕಿರ್ದಿ ಮತ್ತು ಖಾತೆ ಪುಸ್ತಕಗಳನ್ನು ಎದುರಿಗಿಟ್ಟುಕೊಂಡು, ಯಾವ ಖರೀದಿದಾರನಿಂದ ಎಷ್ಟು ದಿನಗಳಿಗೆ ಹಣ ಬಂದಿದೆ ಎಂಬುದನ್ನು ಆಕೆ ಪಟ್ಟಿ ಮಾಡಿದ್ದಳು. ದಲಾಲಿ ನೂರಕ್ಕೆ 2 ರೂಪಾಯಿ. ರೈತನಿಗೆ ಹಣವನ್ನು ಕೂಡಲೇ ಪಾವತಿ ಮಾಡಬೇಕು, ಖರೀದಿದಾರನ ಹಣ ಬರುವುದು ತಡವಾಗಿ. ನಡುವಿನ ಅವಧಿಗೆ ಬ್ಯಾಂಕಿನ ಓ.ಡಿ. ಬಡ್ಡಿ ವರ್ಷಕ್ಕೆ ನೂರಕ್ಕೆ 12. ಅಂದರೆ 61ನೆಯ ದಿನಕ್ಕೆ ಆ ವ್ಯವಹಾರದ ದಲಾಲಿ ಪೂರ್ತಿ ಕರಗಿಹೋಗಿರುತ್ತದೆ. ಅಂಗಡಿಯ ಅತಿ ದೊಡ್ಡ ಖರೀದಿದಾರರೇ ಅದಕ್ಕೆ ನಷ್ಟ ತರುತ್ತಿದ್ದಾರೆ ಎಂದು ಆಕೆ ಲೆಕ್ಕ ಸಹಿತ ತೋರಿಸಿದ್ದಳು. ಮೂವತ್ತು ವರ್ಷಗಳಿಂದ ವರ್ತಕರ ಲೆಕ್ಕ ತಪಾಸಣೆ ಮಾಡುತ್ತಿರುವ ನಾನು ಇಷ್ಟು ಸ್ಪಷ್ಟವಾಗಿ ಇದನ್ನು ಯಾವ ಕಕ್ಷಿದಾರರಿಗೂ ಬರೆದುಕೊಟ್ಟ ನೆನಪಿಲ್ಲ. ಇತ್ತ ನಿರರ್ಗಳವಾಗಿ ಮಾತನಾಡಿದ ಯುವಕನ ನಗದು ಹರಿವಿನ ತಃಖ್ತೆಯಲ್ಲಿ ಆರಂಭಿಕ ಶಿಲ್ಕಿಗೂ ಅಖೈರು ಶಿಲ್ಕಿಗೂ ತಾಳೆಯೇ ಇರಲಿಲ್ಲ.

ಲಕೋಟೆ ಒಡೆಸಿ ಅಂಕ ತಿದ್ದಬಹುದಿತ್ತು. ವಿಭಾಗದ ಮುಖ್ಯಸ್ಥರು ಒಪ್ಪುತ್ತಿದ್ದರೋ ಇಲ್ಲವೋ, ನಾನು ಕೇಳಲೇ ಇಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಶಿಕ್ಷಣ ಸಂಸ್ಥೆಗಳಲ್ಲಿ ವೈವಿಧ್ಯ, ಒಳಗೊಳ್ಳುವಿಕೆ, ‘ಇದು ನಮ್ಮದು’ ಎಂಬ ಭಾವ ಇವುಗಳ ವಿಷಯವಾಗಿ ಈಚಿನ ವರ್ಷಗಳಲ್ಲಿ ಬಹಳಷ್ಟು ಮಾತು ಕೇಳಿಬರುತ್ತಿದೆ. ಬಹುರಾಷ್ಟ್ರೀಯ ಕಂಪನಿಗಳು ಇದನ್ನೊಂದು ಉತ್ಸವವಾಗಿ ಆಚರಿಸಿ, ಕೇಕು ಕತ್ತರಿಸಿ, ಛಾಯಾಚಿತ್ರ ತೆಗೆಸಿಕೊಂಡದ್ದನ್ನೂ ನೋಡಿದ್ದೇವೆ. 2025ರ ಜನವರಿಯಲ್ಲಿ ಅಮೆರಿಕದ ಕೇಂದ್ರ ಸರ್ಕಾರವು ತನ್ನ ಇಲಾಖೆಗಳಲ್ಲಿ ಇಂತಹ ಕಾರ್ಯಕ್ರಮಗಳನ್ನು ಕೈಬಿಡುವಂತೆ ಆದೇಶ ಹೊರಡಿಸಿತು. ಆದ್ದರಿಂದ ಇದು ಬಂದು ಹೋದ ಒಂದು ಷೋಕಿ, ವರ್ತಕರಾದ ನಮಗೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ನನ್ನ ಉತ್ತರ ಇಷ್ಟೇ: 42 ಮತ್ತು 24ರ ನಡುವೆ ಅದಲುಬದಲಾದ ಆ ಅಂಕಗಳನ್ನು ನಂಬಿ ನೌಕರರನ್ನು ನೇಮಿಸಿಕೊಳ್ಳುವವರು ನಾವು.

ಪ್ರವೇಶದ ಮಟ್ಟಿಗೆ ನಮ್ಮ ನಾಡಿನಲ್ಲಿ ಕೆಲಸವಾಗಿಲ್ಲವೆಂದು ಹೇಳಲಾಗದು. ಮೈಸೂರು ವಿಶ್ವವಿದ್ಯಾಲಯ ಹಾಗೂ ಬೆಂಗಳೂರಿನ ಮೈಸೂರು ವಾಣಿಜ್ಯ ಮಂಡಳಿ ಎರಡೂ 1916ರಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಆರಂಭವಾದವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರವು ಸರ್ಕಾರಿ ಸೇವೆಯಲ್ಲಿ ಹಿಂದುಳಿದ ವರ್ಗಗಳ ಪ್ರಾತಿನಿಧ್ಯವನ್ನು ಪರಿಶೀಲಿಸಲು ಮಿಲ್ಲರ್ ಸಮಿತಿಯನ್ನು ನೇಮಿಸಿತು. 1975ರಲ್ಲಿ ಹಾವನೂರು ಆಯೋಗದ ವರದಿ ಬಂದಿತು. ಕೇಂದ್ರದ ಸಂಸ್ಥೆಗಳಲ್ಲಿ ಇತರೆ ಹಿಂದುಳಿದ ವರ್ಗಗಳಿಗೆ ಶೇ. 27ರ ಮೀಸಲಾತಿಯನ್ನು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಎತ್ತಿಹಿಡಿದ ಮೇಲೆ ಐ.ಐ.ಎಂ.ಗಳ ಬಾಗಿಲೂ ಅಗಲವಾಯಿತು. ಇಂಜಿನಿಯರ್ ಯುವಕರಿಂದಲೇ ತುಂಬಿರುತ್ತಿದ್ದ ಆ ಸಂಸ್ಥೆಗಳಲ್ಲಿ, ಕೋಯಿಕ್ಕೋಡಿನ ಐ.ಐ.ಎಂ. 2013ರಲ್ಲಿ ಅರ್ಧಕ್ಕಿಂತ ಹೆಚ್ಚು ಮಹಿಳೆಯರನ್ನು ಸೇರಿಸಿಕೊಂಡಿತು. ಪ್ರತಿ ವಿಶ್ವವಿದ್ಯಾಲಯದಲ್ಲಿ ಸಮಾನ ಅವಕಾಶ ಕೋಶವಿರಬೇಕೆಂದು ಯು.ಜಿ.ಸಿ. 2012ರಲ್ಲಿಯೇ ನಿಯಮ ಮಾಡಿತು.

ಆದರೆ ಸೀಟು ದೊರೆತ ಮೇಲೆ ತರಗತಿಯ ಒಳಗೆ ಏನಾಗುತ್ತದೆ? ಈ ಪ್ರಶ್ನೆಯನ್ನು ಲೆಕ್ಕಪತ್ರದ ರೀತಿಯಲ್ಲಿ ಕೇಳಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲ್. 1908ರಲ್ಲಿ ಸ್ಥಾಪನೆಯಾದ ಆ ಶಾಲೆ ತನ್ನ ಎರಡು ವರ್ಷಗಳ ಎಂ.ಬಿ.ಎ.ಗೆ ಮಹಿಳೆಯರನ್ನು ನೇರವಾಗಿ ಸೇರಿಸಿಕೊಂಡದ್ದು 1963ರಲ್ಲಿ, ಕೇವಲ ಎಂಟು ಮಂದಿಯನ್ನು. ಅರ್ಧ ಶತಮಾನ ಕಳೆಯುವ ವೇಳೆಗೆ ಸಂಖ್ಯೆಯೇನೋ ಬಹಳ ಬೆಳೆದಿತ್ತು. ಆದರೆ ಸಮಾನ ಅರ್ಹತೆಯೊಂದಿಗೆ ಬಂದ ಮಹಿಳೆಯರು ಅಂಕಗಳಲ್ಲಿ ಹಿಂದೆ ಬೀಳುತ್ತಿದ್ದರು. ಅಲ್ಲಿ ಪಾಠವೆಂದರೆ ಪ್ರಕರಣ ಅಧ್ಯಯನದ ಚರ್ಚೆ. ಅಂಕದಲ್ಲಿ ಸುಮಾರು ಅರ್ಧಭಾಗ ತರಗತಿಯಲ್ಲಿ ಆಡಿದ ಮಾತಿಗೆ. ಯಾರು ಏನು ಹೇಳಿದರೆಂಬುದು ಅಧ್ಯಾಪಕರ ನೆನಪಿಗೆ ಬಿಟ್ಟ ವಿಷಯವಾಗಿತ್ತು. 2010ರಲ್ಲಿ ಡೀನ್ ಆದ ನಿತಿನ್ ನೊಹ್ರಿಯಾ (ಮುಂಬಯಿ ಐ.ಐ.ಟಿ.ಯಲ್ಲಿ ಓದಿದವರು) ಅವರ ಕಾಲದಲ್ಲಿ ತರಗತಿಯ ಮಾತನ್ನು ಬರೆದಿಟ್ಟುಕೊಳ್ಳಲು ಬರಹಗಾರರನ್ನು ಕೂರಿಸಲಾಯಿತು. ಅಂಕಗಳ ಅಂತರ ಕಡಿಮೆಯಾಯಿತು. 2014ರ ಜನವರಿಯಲ್ಲಿ ನೊಹ್ರಿಯಾ ಅವರು ಹಳೆಯ ವಿದ್ಯಾರ್ಥಿನಿಯರ ಎದುರು ಸಂಸ್ಥೆಯ ಪರವಾಗಿ ಬಹಿರಂಗವಾಗಿ ಕ್ಷಮೆ ಕೋರಿದರು. ತಮ್ಮ ಪ್ರಕರಣಗಳಲ್ಲಿ ಮಹಿಳೆ ಮುಖ್ಯ ಪಾತ್ರವಾಗಿರುವುದು ಶೇ. 9ರಷ್ಟು ಮಾತ್ರ, ಐದು ವರ್ಷಗಳಲ್ಲಿ ಅದನ್ನು ಶೇ. 20ಕ್ಕೆ ಏರಿಸುತ್ತೇವೆ ಎಂದೂ ಮಾತು ಕೊಟ್ಟರು.

ಈ ಪ್ರಕರಣ ಅಧ್ಯಯನ ಪದ್ಧತಿಯು 1961ರಲ್ಲಿ ಹಾರ್ವರ್ಡಿನ ಸಹಕಾರದೊಂದಿಗೆ ಆರಂಭವಾದ ಅಹಮದಾಬಾದಿನ ಐ.ಐ.ಎಂ. ಮೂಲಕ ನಮ್ಮ ದೇಶದಲ್ಲಿ ಬೇರೂರಿತು. ಅಲ್ಲಿಂದ ಮುಂದೆ ಜಿಲ್ಲಾ ಕೇಂದ್ರಗಳ ಎಂ.ಬಿ.ಎ. ವಿಭಾಗಗಳವರೆಗೂ ಬಂದಿದೆ. ಪದ್ಧತಿ ಬಂದಿತು, ಅಲ್ಲಿ ಕಂಡುಕೊಂಡ ತಿದ್ದುಪಡಿ ಬರಲಿಲ್ಲ. ನಾನು ನೋಡಿದ ವಿಭಾಗದಲ್ಲಿ ಚರ್ಚೆಗೆ ಇಟ್ಟ ಪ್ರಕರಣಗಳೆಲ್ಲ ದೊಡ್ಡ ಕಂಪನಿಗಳವೇ. ಬ್ಯಾಡಗಿಯ ಮೆಣಸಿನಕಾಯಿ ಪೇಟೆ, ಬಳ್ಳಾರಿಯ ಜೀನ್ಸ್ ಘಟಕ, ಬೆಳಗಾವಿಯ ಫೌಂಡ್ರಿ, ಇಳಕಲ್ಲಿನ ಮಗ್ಗ ಇವುಗಳಲ್ಲಿ ಒಂದೂ ಇರಲಿಲ್ಲ. ಹಮಾಲರ ಮಗಳಿಗೆ ತಾನು ಬಲ್ಲ ಜಗತ್ತಿನ ಹೆಸರೇ ಎರಡು ವರ್ಷ ಆ ಕೋಣೆಯಲ್ಲಿ ಕೇಳಿಬರದಿದ್ದಾಗ, ತನಗೆ ತಿಳಿದಿರುವುದು ವಿದ್ಯೆಯೇ ಅಲ್ಲವೆಂದು ಆಕೆಗೆ ಅನ್ನಿಸಿದರೆ ಆಶ್ಚರ್ಯವೇನಿದೆ?

ಇಂಗ್ಲಿಷ್ ಬೇಡವೆಂದು ನಾನು ವಾದಿಸುತ್ತಿಲ್ಲ. ಪಿ.ಯು.ಸಿ.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿ.ಕಾಂ.ನಲ್ಲಿ ಇಂಗ್ಲಿಷಿಗೆ ಬಂದು ಒದ್ದಾಡಿದವನು ನಾನು. ನನ್ನ ವೃತ್ತಿಯೇನೂ ಮಾದರಿಯಲ್ಲ, ಸಿ.ಎ. ಪರೀಕ್ಷೆಯನ್ನು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಬರೆಯಬಹುದೇ ಹೊರತು ಕನ್ನಡದಲ್ಲಿ ಬರೆಯುವಂತಿಲ್ಲ. ರಫ್ತು ಪತ್ರ ಬರೆಯಲು ಇಂಗ್ಲಿಷ್ ಬೇಕೇಬೇಕು. ಆದರೆ ಭಾಷೆಯನ್ನು ಪರೀಕ್ಷಿಸುವುದು ಬೇರೆ, ವಿಷಯವನ್ನು ಪರೀಕ್ಷಿಸುವುದು ಬೇರೆ. ಉದ್ರಿ ವಸೂಲಿಯ ಲೆಕ್ಕವನ್ನು ಕನ್ನಡದಲ್ಲಿ ವಿವರಿಸಮ್ಮಾ ಎಂದು ಅಂದು ನಾನು ಒಂದು ಮಾತು ಹೇಳಿದ್ದರೆ ಸಾಕಿತ್ತು.

ಇನ್ನು ನಮ್ಮ ಕಡೆಯ ಲೆಕ್ಕ. ಪ್ರಾಜೆಕ್ಟಿಗೆ ಅವಕಾಶ ಕೋರಿ ವಿದ್ಯಾರ್ಥಿಗಳು ಅಂಗಡಿಗೋ ಕಾರ್ಖಾನೆಗೋ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಯಾವುದು? ‘ಯಾರ ಕಡೆಯವನಪ್ಪಾ?’ ಈ ಪ್ರಶ್ನೆಯ ಅರ್ಥ ಕೇಳುವವರಿಗೂ ಗೊತ್ತು, ಉತ್ತರಿಸುವವನಿಗೂ ಗೊತ್ತು. ಪರಿಚಯದ ಮೇಲೆ ಬಂದವನಿಗೆ ಖಾತೆ ಪುಸ್ತಕ ತೆರೆಯುತ್ತೇವೆ, ಉಳಿದವರಿಗೆ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಿ ಕಳುಹಿಸುತ್ತೇವೆ. ವಿದ್ಯಾರ್ಥಿನಿಯರಾದರೆ ‘ಇಲ್ಲಿ ಅನುಕೂಲವಿಲ್ಲಮ್ಮಾ’ ಎನ್ನುತ್ತೇವೆ. ಅನುಕೂಲವೆಂದರೆ ಬಹುತೇಕ ಕಡೆ ಬಾಗಿಲು ಭದ್ರವಾಗಿರುವ, ನೀರಿರುವ ಒಂದು ಶೌಚಾಲಯ ಮಾತ್ರ. ಅದಕ್ಕೆ ತಗಲುವ ವೆಚ್ಚ ಎಷ್ಟೆಂದು ನಿಮ್ಮ ಲೆಕ್ಕ ಪುಸ್ತಕ ಬರೆಯುವ ನನಗೆ ಗೊತ್ತಿದೆ.

ವಿದ್ಯಾದಾನದಲ್ಲಿ ನಮ್ಮ ವರ್ತಕ ಸಮುದಾಯ ಎಂದೂ ಹಿಂದೆ ಬಿದ್ದಿಲ್ಲ. ಈ ನಾಡಿನ ಊರೂರುಗಳಲ್ಲಿ ಹಿಂದಿನವರು ಕಟ್ಟಿಸಿದ ಉಚಿತ ವಿದ್ಯಾರ್ಥಿನಿಲಯಗಳಲ್ಲಿ ಉಂಡು ಓದಿದವರು ಲಕ್ಷಾಂತರ. ನಾನೂ ಅಂತಹ ಒಂದು ನಿಲಯದಲ್ಲಿ ಎರಡು ವರ್ಷ ಇದ್ದವನೇ. ಆದರೆ ಅವುಗಳಲ್ಲಿ ಹೆಚ್ಚಿನವು ಅವರವರ ಸಮಾಜದ ಮಕ್ಕಳಿಗಾಗಿ ಕಟ್ಟಿದವು. ಅಂದಿನ ಕಾಲಕ್ಕೆ ಅದು ಅಗತ್ಯವಾಗಿತ್ತು; ಅದನ್ನು ದೂಷಿಸುವುದು ಕೃತಘ್ನತೆ. ಇಂದು ನಮ್ಮ ಗೋದಾಮುಗಳಿಗೂ ಘಟಕಗಳಿಗೂ ಲೆಕ್ಕ ಬಲ್ಲ ವ್ಯವಸ್ಥಾಪಕರು ಸಿಗುತ್ತಿಲ್ಲವೆಂದು ಪ್ರತಿ ಸಭೆಯಲ್ಲಿಯೂ ದೂರುತ್ತೇವೆ. ಬೆಂಗಳೂರಿಗೆ ಹೋಗಲು ತುದಿಗಾಲಲ್ಲಿ ನಿಂತ ಯುವಕನನ್ನು ನೇಮಿಸಿಕೊಂಡು, ಆರು ತಿಂಗಳಿಗೆ ಆತ ಬಿಟ್ಟುಹೋದ ಮೇಲೆ ಪುನಃ ಹುಡುಕುತ್ತೇವೆ. ಇದೇ ಊರಿನಲ್ಲಿ ಉಳಿಯಬಯಸುವ, ಪೇಟೆಯ ಒಳಹೊರಗು ಬಲ್ಲ ಅಭ್ಯರ್ಥಿ 24 ಅಂಕದ ಕಾರಣದಿಂದ ನಮ್ಮ ಸಂದರ್ಶನದವರೆಗೆ ಬರುವುದೇ ಇಲ್ಲ.

ಸಣ್ಣ ಉದ್ದಿಮೆಗಳ ಬಾಕಿಯನ್ನು 45 ದಿನಗಳೊಳಗೆ ಪಾವತಿಸದಿದ್ದರೆ ಆ ವರ್ಷ ಆ ವೆಚ್ಚಕ್ಕೆ ಆದಾಯ ತೆರಿಗೆಯಲ್ಲಿ ಮಾನ್ಯತೆ ಇಲ್ಲವೆಂಬ ನಿಯಮ 2024ರ ಏಪ್ರಿಲಿನಿಂದ ಅನ್ವಯವಾದಾಗ ನಮ್ಮಲ್ಲಿ ಎಷ್ಟು ಗೊಂದಲವಾಯಿತೆಂಬುದು ನಿಮಗೆ ನೆನಪಿರಬಹುದು. ಯಾರ ಬಾಕಿ ಎಷ್ಟು ದಿನದ್ದೆಂದು ಪಟ್ಟಿ ಮಾಡಿಕೊಡಬಲ್ಲವರು ಅಂಗಡಿಗಳಲ್ಲಿ ಇರಲಿಲ್ಲ. ಹಮಾಲರ ಮಗಳು ಅದಕ್ಕೂ ಮೊದಲೇ ಮಾಡಿಟ್ಟದ್ದು ಸರಿಯಾಗಿ ಅದೇ ಬಗೆಯ ಪಟ್ಟಿಯನ್ನು. ಆಕೆ ಈಗ ಎಲ್ಲಿರುವಳೆಂದು ವಿಚಾರಿಸಿದೆ. ವಿಭಾಗದವರಿಗೂ ತಿಳಿಯದು.

ಈ ವರ್ಷ ಪುನಃ ಪರೀಕ್ಷಕನಾಗಿ ಬರುವಂತೆ ಅದೇ ವಿಭಾಗದಿಂದ ಪತ್ರ ಬಂದಿದೆ. ವರದಿಗಳನ್ನು ಹತ್ತು ದಿನ ಮೊದಲು ಕಳುಹಿಸಬೇಕು, ದಿನಕ್ಕೆ ಹದಿನೈದಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಬೇಡ, ಉತ್ತರ ಕನ್ನಡದಲ್ಲಿಯೂ ಇರಬಹುದೆಂದು ಮೊದಲೇ ಸೂಚನಾ ಫಲಕದಲ್ಲಿ ಪ್ರಕಟಿಸಬೇಕು ಎಂದು ಉತ್ತರ ಬರೆದಿದ್ದೇನೆ. ಮೊದಲ ಎರಡಕ್ಕೆ ಒಪ್ಪಿಗೆ ಬಂದಿದೆ. ಮೂರನೆಯದನ್ನು ಮಂಡಳಿಯ ಮುಂದೆ ಇಡುವುದಾಗಿ ತಿಳಿಸಿದ್ದಾರೆ. ಎರಡು ತಿಂಗಳ ಕಾಲ ಒಬ್ಬ ವಿದ್ಯಾರ್ಥಿಗೋ ವಿದ್ಯಾರ್ಥಿನಿಗೋ ತಮ್ಮ ಕಿರ್ದಿ ಖಾತೆಗಳನ್ನು ನಿಜವಾಗಿ ತೆರೆದು ತೋರಿಸಲು, ಬಸ್ಸಿನ ಖರ್ಚು ಮತ್ತು ಊಟದ ಖರ್ಚು ಕೊಡಲು ಸಿದ್ಧರಿರುವ ಸದಸ್ಯರು ಈ ತಿಂಗಳ ಅಂತ್ಯದೊಳಗೆ ನಮ್ಮ ಸಂಸ್ಥೆಯ ಕಚೇರಿಯಲ್ಲಿ ಹೆಸರು ನೋಂದಾಯಿಸಬೇಕೆಂದು ಕೋರುತ್ತೇನೆ. ಯಾರನ್ನು ಯಾವ ಅಂಗಡಿಗೆ ಕಳುಹಿಸಬೇಕೆಂಬುದನ್ನು ವಿಭಾಗದವರು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಯಾರ ಕಡೆಯವರೆಂದು ದಯವಿಟ್ಟು ಕಚೇರಿಗೆ ದೂರವಾಣಿ ಮಾಡಿ ವಿಚಾರಿಸಬಾರದು.