ಕೆಲಸ ಸಿಕ್ಕ ಮೇಲಿನ 44 ದಿನ ಯಾರ ಲೆಕ್ಕಕ್ಕೂ ಇಲ್ಲ

ನಿರುದ್ಯೋಗದ ಬಗ್ಗೆ ನಾವು ಸಾಕಷ್ಟು ಮಾತಾಡ್ತೀವಿ. ಪದವಿ ಹಿಡಿದು ಖಾಲಿ ಕೂತವರು, ಭರ್ತಿಯಾಗದ ಸರ್ಕಾರಿ ಹುದ್ದೆಗಳು, ಮುಂದಕ್ಕೆ ಹೋಗುವ ನೇಮಕಾತಿ ಪರೀಕ್ಷೆಗಳು: ಇವೆಲ್ಲ ಸುದ್ದಿಯಾಗುತ್ತವೆ, ಧರಣಿಗೂ ಕಾರಣವಾಗುತ್ತವೆ. ಆದರೆ ವರ್ಷಗಟ್ಟಲೆ ಖಾಲಿ ಕೂತವನಿಗೆ ಕೆಲಸ ಸಿಕ್ಕ ದಿನ ಸುದ್ದಿ ಮುಗಿಯುತ್ತದೆ. ‘ನೌಕರಿ ಹತ್ತೇತಂತ, ಇನ್ನೇನ ಬೇಕ ಅವಂಗ?’ ಅಂತ ಓಣಿಯವರು ಅಂತಾರೆ. ಸರ್ಕಾರವೂ ಬಹುತೇಕ ಅದನ್ನೇ ಅನ್ನುತ್ತದೆ, ಸ್ವಲ್ಪ ಗ್ರಾಂಥಿಕ ಭಾಷೆಯಲ್ಲಿ.

ನನ್ನ ವಾದ ಇಷ್ಟೇ. ನಿರುದ್ಯೋಗದಿಂದ ಕೆಲಸಕ್ಕೆ ದಾಟುವ ಆ ಮೊದಲ ಒಂದೆರಡು ತಿಂಗಳು ನಮ್ಮ ಯಾವ ಯೋಜನೆಯ ಲೆಕ್ಕದಲ್ಲೂ ಇಲ್ಲ. ಸಿಕ್ಕ ಕೆಲಸ ಕೈಬಿಟ್ಟು ಹೋಗುವುದು ಹೆಚ್ಚಾಗಿ ಅಲ್ಲೇ. ಆಮೇಲೆ ತಪ್ಪು ಹುಡುಗರ ತಲೆಗೆ ಬರುತ್ತದೆ.

ವರ್ಷಕ್ಕೊಮ್ಮೆ ದಾಟುವ ಊರುಗಳು

ಬಾಗಲಕೋಟೆ ಜಿಲ್ಲೆಯ ನಮ್ಮ ಭಾಗದಲ್ಲಿ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಲ್ಲಿ, ಕೆಲಸ ಅನ್ನುವುದು ಹನ್ನೆರಡು ತಿಂಗಳ ಮಾತಲ್ಲ. ಸಮೀರವಾಡಿ, ಮುಧೋಳ, ಹಿರೇಪಡಸಲಗಿ, ಸಿದ್ದಾಪುರ, ಬಾಡಗಂಡಿ ಹೀಗೆ ಹತ್ತಿರ ಹತ್ತಿರವೇ ಸಕ್ಕರೆ ಕಾರ್ಖಾನೆಗಳಿವೆ. ದೀಪಾವಳಿ ಆಸುಪಾಸಿನಲ್ಲಿ ಹಂಗಾಮು ಶುರುವಾದರೆ ಬೇಸಿಗೆ ಹೊತ್ತಿಗೆ ಕಬ್ಬು ಮುಗಿಯುತ್ತದೆ. ಕಾರ್ಖಾನೆಯ ಗೇಟಿನೊಳಗೆ ಗುತ್ತಿಗೆಯ ಮೇಲೆ ದುಡಿಯುವವರು, ಟ್ರ್ಯಾಕ್ಟರ್ ಓಡಿಸುವವರು, ಕಬ್ಬು ಕಡಿಯುವ ಗ್ಯಾಂಗಿನವರು ಎಲ್ಲರೂ ಒಮ್ಮೆಲೇ ಖಾಲಿ. ರಬಕವಿ-ಬನಹಟ್ಟಿಯ ಮಗ್ಗಗಳ ಕಥೆ ಬೇರೆ ರೀತಿಯದು. ಸೀರೆಗೆ ಬೇಡಿಕೆ ಇದ್ದಾಗ ರಾತ್ರಿಯೂ ಸದ್ದು, ಇಲ್ಲದಾಗ ಮಾಲೀಕ ‘ಮುಂದಿನ ವಾರ ನೋಡೂನು’ ಅಂತಾನೆ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಕುಟುಂಬಗಳಲ್ಲಿ ಹೊಲವೇ ಇಲ್ಲದ ಎರಡನೇ ತಲೆಮಾರು ಬೆಳೆದಿದೆ. ಉಳಿದವರಿಗೆ ಪುಣೆ, ಇಚಲಕರಂಜಿ, ಗೋವಾ ಇದ್ದೇ ಇವೆ.

ಹೀಗಾಗಿ ‘ನಿರುದ್ಯೋಗಿ’ ಮತ್ತು ‘ಉದ್ಯೋಗಿ’ ಇಲ್ಲಿ ಎರಡು ಬೇರೆ ಜಾತಿಯ ಜನ ಅಲ್ಲ. ಅದೇ ಮನುಷ್ಯ ವರ್ಷಕ್ಕೆ ಒಂದೆರಡು ಸಲ ಆ ಕಡೆಯಿಂದ ಈ ಕಡೆಗೆ ದಾಟುತ್ತಾನೆ. ಪ್ರತಿ ಸಲ ದಾಟುವುದಕ್ಕೂ ಖರ್ಚಿದೆ.

ಎರಡು ಯೋಜನೆ, ನಡುವೆ ಒಂದು ಕಂದಕ

ನಾನು ಬನಹಟ್ಟಿಯವನು. 2023ರಲ್ಲಿ ಬಿ.ಕಾಂ. ಮುಗಿಸಿದೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿಗೆ ಚಾಲನೆ ಸಿಕ್ಕಾಗ ನಾನೂ ಅದರ ಫಲಾನುಭವಿ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500. ಗರಿಷ್ಠ ಎರಡು ವರ್ಷ, ಅಥವಾ ಕೆಲಸ ಸಿಗುವವರೆಗೆ. ಈ ‘ಸಿಗುವವರೆಗೆ’ ಅನ್ನುವ ಪದವನ್ನು ಗಮನಿಸಿ. ಕೆಲಸಕ್ಕೆ ಸೇರಿದಾಗ ನೆರವು ನಿಲ್ಲುತ್ತದೆ, ಆದರೆ ಸೇರಿದ ದಿನವೇ ಯಾರಿಗೂ ಪಗಾರ ಆಗುವುದಿಲ್ಲವಲ್ಲ!

ಕೇಂದ್ರದ್ದು ಇನ್ನೊಂದು ತುದಿ. 2025ರ ಆಗಸ್ಟ್ 1ರಿಂದ ಜಾರಿಯಾದ ಪ್ರಧಾನಮಂತ್ರಿ ವಿಕಸಿತ ಭಾರತ ರೋಜಗಾರ್ ಯೋಜನೆಗೆ ಇಟ್ಟ ಮೊತ್ತ 99,446 ಕೋಟಿ ರೂಪಾಯಿ. ಮೊದಲ ಸಲ ಪಿಎಫ್‌ಗೆ ಸೇರುವವರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ, ಎರಡು ಕಂತಿನಲ್ಲಿ. ಕೇಳೋಕೆ ಚೆನ್ನಾಗಿದೆ. ಆದರೆ ಮೊದಲ ಕಂತು ಆರು ತಿಂಗಳು ದುಡಿದ ಮೇಲೆ. ಎರಡನೆಯದು ಹನ್ನೆರಡು ತಿಂಗಳಾಗಿ, ಹಣಕಾಸು ಸಾಕ್ಷರತೆಯ ಪಾಠವನ್ನೂ ಮುಗಿಸಿದ ಮೇಲೆ.

ಈಗ ಇದನ್ನು ನಮ್ಮ ಊರಿಗೆ ಹಾಕಿ ನೋಡಿ. ಹಂಗಾಮೇ ನಾಲ್ಕೈದು ತಿಂಗಳಲ್ಲಿ ಮುಗಿಯುವ ಕಡೆ ಆರು ತಿಂಗಳ ಕಂತು ಯಾರಿಗೆ ಮುಟ್ಟುತ್ತದೆ? ಇನ್ನು ಪುಣೆಯ ಯಾವುದೋ ಕಂಪನಿಯಲ್ಲಿ ಒಂದು ವರ್ಷ ಪಿಎಫ್ ಕಟ್ಟಿ, ಕೆಲಸ ಹೋಗಿ, ಊರಿಗೆ ಬಂದು ಕೂತವನು ‘ಮೊದಲ ಸಲ’ದವನೇ ಅಲ್ಲ. ಅವನಿಗೆ ಏನೂ ಇಲ್ಲ. ಪಿಎಫ್ ಸಂಖ್ಯೆಯನ್ನೇ ಮಾಡಿಸಿಕೊಡದ ಗುತ್ತಿಗೆದಾರನ ಕೈಕೆಳಗೆ ಇರುವವನಿಗೂ ಇಲ್ಲ.

ಅಂಕಿಅಂಶವೂ ಹೀಗೇ ದಾಟಿಬಿಡುತ್ತದೆ. ಕೇಂದ್ರದ ಕಾರ್ಮಿಕ ಬಲ ಸಮೀಕ್ಷೆಯ ವಾರದ ಲೆಕ್ಕದಲ್ಲಿ, ಏಳು ದಿನದಲ್ಲಿ ಒಂದು ತಾಸು ಕೆಲಸ ಮಾಡಿದವನೂ ಉದ್ಯೋಗಿ. ಒಂದು ತಾಸಿನಲ್ಲಿ ನಾನು ನಿರುದ್ಯೋಗದ ಪಟ್ಟಿಯಿಂದ ಹೊರಗೆ. ಮನೆಯ ಉದ್ರಿ ಲೆಕ್ಕದಿಂದ ಹೊರಗೆ ಬರೋಕೆ ಎಷ್ಟು ದಿನ ಬೇಕು?

44 ದಿನದ ಜಮಾ-ಖರ್ಚು

ನನ್ನ ಲೆಕ್ಕ ಹೇಳ್ತೀನಿ. 2025ರ ಡಿಸೆಂಬರ್ 1ಕ್ಕೆ ಒಂದು ಕಾರ್ಖಾನೆಯ ಕಬ್ಬಿನ ವಿಭಾಗದಲ್ಲಿ, ಗುತ್ತಿಗೆದಾರರ ಮೂಲಕ, ಕಂಪ್ಯೂಟರ್ ಎಂಟ್ರಿ ಕೆಲಸಕ್ಕೆ ಸೇರಿದೆ. ತಿಂಗಳಿಗೆ 15,000. ನೇಮಕಾತಿ ಪತ್ರ ಇಲ್ಲ, ಪಿಎಫ್ ‘ಮಾಡಸೂನು’. ಮೊದಲ ಪಗಾರ ಕೈಗೆ ಬಂದದ್ದು ಜನವರಿ 13ಕ್ಕೆ. ಸೇರಿದ ದಿನದಿಂದ ಎಣಿಸಿದರೆ 44ನೇ ದಿನ.

ಈ 44 ದಿನ ಬಸ್ಸಿಗೆ, ಮಧ್ಯಾಹ್ನದ ಊಟಕ್ಕೆ ಗೆಳೆಯನಿಂದ ತಗೊಂಡ ಕೈಗಡ 3,600. ಕಿರಾಣಿ ಅಂಗಡಿಯ ಉದ್ರಿ 4,300. ಅವ್ವನ ಹೆಸರಲ್ಲಿದ್ದ ಮೈಕ್ರೋಫೈನಾನ್ಸ್ ಸಾಲದ ವಾರದ ಕಂತು 850 ರೂಪಾಯಿಯಂತೆ ಆರು ವಾರಕ್ಕೆ 5,100. ಅದನ್ನು ಅವ್ವ ಓಣಿಯವರ ಹತ್ತಿರ ಇಸಕೊಂಡು ತುಂಬಿದ್ದರು. ಒಟ್ಟು 13,000. ಪಗಾರ ಬಂದ ಸಂಜೆ ಉಳಿದದ್ದು 2,000. ಮುಂದಿನ ಪಗಾರಕ್ಕೆ ಇನ್ನೂ ಮೂರು ವಾರ.

ಅಪ್ಪ ಪವರ್‌ಲೂಮಿನಲ್ಲಿ ದುಡೀತಾರೆ, ಅವ್ವ ನೂಲು ಸುತ್ತುತ್ತಾರೆ. ಅವ್ವನ ಗೃಹಲಕ್ಷ್ಮಿಯ 2,000 ಇತ್ತು ಅಂತ ನಡೀತು. ಇನ್ನೊಂದು ಸಂಗತಿ ಹೇಳಲೇಬೇಕು. ಅಕ್ಕ ಜಮಖಂಡಿಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋದಾಗ ಮೊದಲ ದಿನದಿಂದಲೂ ಬಸ್ಸಿಗೆ ಯಾರ ಮುಂದೆಯೂ ಕೈಚಾಚಲಿಲ್ಲ, ಯಾಕೆಂದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ. ಕೆಲಸ ಸಿಕ್ಕಿತು ಅಂತ ಶಕ್ತಿ ನಿಲ್ಲುವುದಿಲ್ಲ. ಗ್ಯಾರಂಟಿಗಳನ್ನು ‘ಬಿಟ್ಟಿ ಭಾಗ್ಯ’ ಅನ್ನುವವರು ಈ ವ್ಯತ್ಯಾಸ ನೋಡಬೇಕು: ಕೆಲಸ ಸಿಕ್ಕೊಡನೆ ನಿಲ್ಲುವ ನೆರವು ಒಂದು, ಕೆಲಸಕ್ಕೆ ಹೋಗೋಕೆ ಅನುವು ಮಾಡುವ ನೆರವು ಇನ್ನೊಂದು. ಎರಡನೆಯದು ಹೆಚ್ಚು ಕೆಲಸ ಮಾಡುತ್ತದೆ.

‘ಈಗಿನ ಹುಡುಗರು ನಿಲ್ಲೂದಿಲ್ರಿ’

ನಮ್ಮ ಕಡೆಯ ಸೂಪರ್‌ವೈಸರುಗಳ ದೊಡ್ಡ ದೂರು ಇದು. ಹುಡುಗರು ಬರ್ತಾರೆ, ಹದಿನೈದು ದಿನಕ್ಕೆ ಬಿಟ್ಟು ಹೋಗ್ತಾರೆ, ಶಿಸ್ತಿಲ್ಲ, ಮೊಬೈಲ್ ಒಂದೇ. ಇದೇ ಮಾತಿನ ದೊಡ್ಡ ರೂಪವನ್ನು 2023ರ ಅಕ್ಟೋಬರ್‌ನಲ್ಲಿ ಎನ್. ಆರ್. ನಾರಾಯಣ ಮೂರ್ತಿಯವರಿಂದ ಕೇಳಿದೆವು: ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು.

ಬಿಟ್ಟು ಹೋಗುವವರು ಇದ್ದಾರೆ, ಸುಳ್ಳಲ್ಲ. ಯಾಕೆ ಅನ್ನುವುದು ಪ್ರಶ್ನೆ. ಆಸ್ಟ್ರಿಯಾದಲ್ಲಿ ಮರೀನ್‌ಥಾಲ್ ಅಂತ ಒಂದು ಊರು. ಊರಿಗೆ ಊರೇ ಒಂದು ಬಟ್ಟೆ ಗಿರಣಿಯನ್ನು ನಂಬಿಕೊಂಡಿತ್ತು, ಬನಹಟ್ಟಿ ಮಗ್ಗ ನಂಬಿಕೊಂಡ ಹಾಗೆ. ಗಿರಣಿ ಮುಚ್ಚಿತು. ಮರೀ ಯಾಹೊಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಅಲ್ಲಿ ಅಧ್ಯಯನ ಮಾಡಿ 1933ರಲ್ಲಿ ಪ್ರಕಟಿಸಿದರು. ಜನರಿಗೆ ಸಮಯ ಬೇಕಾದಷ್ಟಿತ್ತು, ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಕಡಿಮೆಯಾಯಿತು. ಗಂಡಸರ ನಡಿಗೆಯೇ ನಿಧಾನವಾಯಿತು. ದಿನವಿಡೀ ಏನು ಮಾಡಿದಿರಿ ಅಂದರೆ ಹೇಳೋಕೆ ಬರುತ್ತಿರಲಿಲ್ಲ. ಕೆಲಸ ಹೋದಾಗ ಹಣದ ಜೊತೆ ದಿನದ ಆಕಾರವೂ ಹೋಗುತ್ತದೆ ಅನ್ನುವುದು ಅವರ ಮುಖ್ಯ ಮಾತು.

ಹೋದದ್ದು ಗೇಟ್ ಪಾಸ್ ಕೊಟ್ಟ ಮರುದಿನ ವಾಪಸ್ ಬರುವುದಿಲ್ಲ. ರಾತ್ರಿ ಎರಡಕ್ಕೆ ಮಲಗುತ್ತಿದ್ದ ದೇಹ ಆರರ ಬಸ್ಸಿಗೆ ಏಳಬೇಕು. ಎರಡು ವರ್ಷ ಯಾರ ಕಣ್ಣಿಗೂ ಬೀಳದಂತೆ ತಿರುಗಿದವನು ದಿನಕ್ಕೆ ಇನ್ನೂರು ಜನರ ಹತ್ತಿರ ಮಾತಾಡಬೇಕು. ನನಗೆ ಕೆಲಸ ಕಲಿಸಿದವನು ನನಗಿಂತ ಮೂರು ವರ್ಷ ಚಿಕ್ಕವನು, ಪಿಯುಸಿ ಓದಿದವನು. ಮೊದಲ ವಾರ ಅದು ಚುಚ್ಚಿತು, ಮೂರನೇ ವಾರಕ್ಕೆ ಅವನೇ ಆಸರೆಯಾದ. ತಪ್ಪಿದ ಎಂಟ್ರಿ ತಿದ್ದುವುದು ಹೇಗೆ, ಯಾರ ಮುಂದೆ ಸುಮ್ಮನಿರಬೇಕು, ಎಲ್ಲಿ ಊಟದ ಡಬ್ಬಿ ಇಡಬೇಕು ಎಲ್ಲ ಹೇಳಿಕೊಟ್ಟ. ‘ಹೆದರಬ್ಯಾಡ್ರಿ ಅಣ್ಣಾ, ಒಂದ್ ತಿಂಗ್ಳ ಹಿಂಗs ಇರ್ತೈತಿ’ ಅಂದ. ಯಾವ ಕೌಶಲ್ಯ ತರಬೇತಿಯಲ್ಲೂ ಇದು ಇಲ್ಲ. ನಿಲ್ಲುವವರು ನಿಲ್ಲುವುದು ಇಂಥ ಒಬ್ಬ ಸಿಕ್ಕಾಗ ಮತ್ತು ಬಸ್ಸಿಗೆ ಯಾರಾದರೂ ಕೈಗಡ ಕೊಟ್ಟಾಗ. ಎರಡೂ ಇಲ್ಲದವನು ಹದಿನಾರನೇ ದಿನ ಬರುವುದಿಲ್ಲ. ಅದನ್ನು ನಾವು ಸೋಮಾರಿತನ ಅಂತ ಕರೀತೀವಿ.

ಕಬ್ಬಿಗಿರುವ ಕಾನೂನು ಕೂಲಿಗಿಲ್ಲವೇ?

2025ರ ನವೆಂಬರ್‌ನಲ್ಲಿ ಬೆಳಗಾವಿ, ಬಾಗಲಕೋಟೆಯ ರೈತರು ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರಸ್ತೆಗಿಳಿದರು. ಸರ್ಕಾರ 3,300 ಅಂದಿತು, ಮುಧೋಳದಲ್ಲಿ ಹೋರಾಟ ಆಮೇಲೂ ನಡೆಯಿತು. ರೈತರ ಸಂಕಟ ದೊಡ್ಡದು, ಆ ಹೋರಾಟ ನ್ಯಾಯದ್ದು. ಅವರ ಕೈಯಲ್ಲಿ ಒಂದು ಕಾನೂನೂ ಇದೆ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಪೂರೈಸಿದ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ. ಅದನ್ನು ಜಾರಿ ಮಾಡಿಸೋಕೂ ಹೋರಾಡಬೇಕಾಗುತ್ತದೆ, ಆದರೆ ಹಿಡಿದು ಕೇಳೋಕೆ ಒಂದು ತಾರೀಕು ಇದೆ.

ಕಾರ್ಮಿಕನಿಗೂ ತಾರೀಕು ಇದೆ. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ವೇತನ ಸಂಹಿತೆಯ ಪ್ರಕಾರ ತಿಂಗಳ ಪಗಾರ ಮುಂದಿನ ತಿಂಗಳ 7ರೊಳಗೆ ಆಗಬೇಕು. ನೇಮಕಾತಿ ಪತ್ರ ಕಡ್ಡಾಯ. ಗುತ್ತಿಗೆದಾರ ವೇತನ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು. ಸಂಹಿತೆಗಳು ಕಾರ್ಮಿಕ ಸಂಘಟನೆಗಳ ಬಲ ಕುಗ್ಗಿಸುತ್ತವೆ ಅನ್ನುವ ಟೀಕೆಯನ್ನು ನಾನೂ ಒಪ್ತೀನಿ. ಆದರೆ ಇರುವ ಹಕ್ಕನ್ನಾದರೂ ಕೇಳಬೇಕಲ್ಲ. ಹೊಸದಾಗಿ ಸೇರಿದವನು ಕೇಳುವುದಿಲ್ಲ. ಎರಡು ವರ್ಷ ಕಾದು ಸಿಕ್ಕ ಕೆಲಸ ಅದು, ಒಂದು ಪ್ರಶ್ನೆಗೆ ಹೋದೀತು ಅನ್ನುವ ಭಯ. ದೀರ್ಘ ನಿರುದ್ಯೋಗ ಮಾಲೀಕರಿಗೆ ಕೊಡುವ ದೊಡ್ಡ ಉಡುಗೊರೆ ಈ ಮೌನ.

ಕಾಯಿಲೆ ಬಂದರೆ? 1948ರ ಇಎಸ್‌ಐ ಕಾಯ್ದೆ ಹಂಗಾಮಿ ಕಾರ್ಖಾನೆಗಳನ್ನು ಹೊರಗಿಟ್ಟಿತ್ತು. ಸಕ್ಕರೆ, ಬೆಲ್ಲದ ತಯಾರಿಕೆಯನ್ನು ಆ ಪಟ್ಟಿಯಲ್ಲಿ ಹೆಸರು ಹಿಡಿದೇ ಸೇರಿಸಿತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯೂ ಹಂಗಾಮಿ ಕಾರ್ಖಾನೆಗೆ ವಿನಾಯಿತಿ ಉಳಿಸಿದೆ. ಇಎಸ್‌ಐ ಇದ್ದವರಿಗೆ ಕೆಲಸ ಹೋದಾಗ ಅಟಲ್ ಬೀಮಿತ್ ಯೋಜನೆಯಡಿ 90 ದಿನದವರೆಗೆ ಸರಾಸರಿ ಕೂಲಿಯ ಅರ್ಧ ಸಿಗುತ್ತದೆ. ಕೆಲಸ ಪ್ರತಿ ವರ್ಷ ಹೋಗುವುದು ಖಾತ್ರಿ ಇರುವ ಕಡೆಯೇ ಆ ರಕ್ಷಣೆಗೆ ಬಾಗಿಲು ಮುಚ್ಚಿದೆ.

ದಾರಿ ನಮ್ಮ ಕಾರ್ಖಾನೆಗಳಲ್ಲೇ ಇದೆ

ಇದಕ್ಕೆ ಪರಿಹಾರ ಹುಡುಕಿಕೊಂಡು ವಿದೇಶಕ್ಕೆ ಹೋಗಬೇಕಿಲ್ಲ. ಸಕ್ಕರೆ ಉದ್ಯಮದಲ್ಲಿ ‘ರಿಟೆನ್ಶನ್ ಅಲೋವನ್ಸ್’ ಅಂತ ಹಳೆಯ ಪದ್ಧತಿ ಇದೆ. ಕಾಯಂ ಹಂಗಾಮಿ ನೌಕರನಿಗೆ ಕಾರ್ಖಾನೆ ನಿಂತ ತಿಂಗಳುಗಳಲ್ಲಿ ವೇತನದ ಒಂದು ಭಾಗ ಕೊಟ್ಟು, ಮುಂದಿನ ಹಂಗಾಮಿಗೆ ಅವನನ್ನೇ ಕರೆಯುವುದು. ಕೆಲಸ ಮತ್ತು ಕೆಲಸವಿಲ್ಲದ ಕಾಲದ ನಡುವೆ ಸೇತುವೆ ಬೇಕು ಅಂತ ಒಪ್ಪಿಕೊಂಡ ಏರ್ಪಾಡು ಅದು. ಗುತ್ತಿಗೆ ಪದ್ಧತಿ ಬೆಳೆದಂತೆ ಈ ಸೇತುವೆ ಕೆಲವರದ್ದೇ ಆಯಿತು, ನಮ್ಮಂಥವರು ನೀರಲ್ಲಿ.

ಅದೇ ತತ್ವವನ್ನು ಸಾರ್ವಜನಿಕ ನೀತಿಗೆ ತರಬೇಕು. ಯುವನಿಧಿಯನ್ನು ಕೆಲಸ ಸಿಕ್ಕ ಮೇಲೂ ಎರಡು ತಿಂಗಳು ಮುಂದುವರಿಸಲಿ. ಒಬ್ಬರಿಗೆ 6,000 ರೂಪಾಯಿ, ನನ್ನ ಬಸ್ಸು ಮತ್ತು ಊಟದ ಕೈಗಡಕ್ಕಿಂತ ಹೆಚ್ಚು. ಹಾಗೆ ಮಾಡಿದರೆ ಕೆಲಸ ಸಿಕ್ಕಿದ್ದನ್ನು ಮುಚ್ಚಿಡುವ ಅಗತ್ಯವೂ ಯಾರಿಗೂ ಇರುವುದಿಲ್ಲ. ಕೇಂದ್ರದ ಮೊದಲ ಕಂತು ಆರನೇ ತಿಂಗಳಿಗಲ್ಲ, ಮೊದಲ ತಿಂಗಳಿಗೇ ಬರಲಿ, ಮರಳಿ ಕೆಲಸಕ್ಕೆ ಸೇರುವವರಿಗೂ ಸಿಗಲಿ. ಹಂಗಾಮಿ ಕಾರ್ಮಿಕರಿಗೆ ಇಎಸ್‌ಐ ಬಾಗಿಲು ತೆರೆಯಲಿ. 7ನೇ ತಾರೀಕು ದಾಟಿದ ಪಗಾರಕ್ಕೆ, ಕಬ್ಬಿನ ಬಿಲ್ಲಿಗೆ ಇರುವಂತೆ, ದಿನದ ಲೆಕ್ಕದಲ್ಲಿ ಬಡ್ಡಿ ಬೀಳಲಿ.

ಇವೆಲ್ಲ ಬರುವವರೆಗೆ ನಮ್ಮ ಕೈಯಲ್ಲಿರುವುದು ಸಣ್ಣದು, ಆದರೆ ಕಡಿಮೆಯದಲ್ಲ. ಈ ತಿಂಗಳು ನಾವು ಒಂಬತ್ತು ಜನ ಒಟ್ಟಿಗೆ ಹೋಗಿ ನೇಮಕಾತಿ ಪತ್ರ ಮತ್ತು ಪಿಎಫ್ ಸಂಖ್ಯೆ ಕೇಳಿದ್ದೇವೆ. ಒಬ್ಬನೇ ಕೇಳಿದ್ದರೆ ಅವನೊಬ್ಬ ಕಿರಿಕಿರಿ ಹುಡುಗ. ಒಂಬತ್ತು ಜನ ಕೇಳಿದಾಗ ‘ಮಾರ್ಚ್ ಒಳಗ ನೋಡೂನು’ ಅಂದರು. ಮಾರ್ಚ್‌ಗೆ ಹಂಗಾಮು ಮುಗಿಯುತ್ತದೆ, ಅದು ಅವರಿಗೂ ಗೊತ್ತು, ನಮಗೂ ಗೊತ್ತು. ಹಾಗಾಗಿ ಫೆಬ್ರುವರಿಯಲ್ಲೇ ಮತ್ತೊಮ್ಮೆ ಹೋಗ್ತೀವಿ.