ಆಟವನ್ನು ಮರೆತ ಕಾದಂಬರಿ

ಲೋಕವೆಲ್ಲ ಹೊಗಳಿದ ಪುಸ್ತಕವನ್ನು ಓದುವುದು ಕಷ್ಟದ ಕೆಲಸ. ಮೆಚ್ಚುಗೆಯ ಮಾತುಗಳು ಮೊದಲೇ ಕಿವಿ ತುಂಬಿರುವಾಗ, ಪುಟಗಳಲ್ಲಿ ನಿಜವಾಗಿ ಏನಿದೆ ಎಂಬುದನ್ನು ಸ್ವಂತ ಕಣ್ಣಿನಿಂದ ಕಾಣುವುದು ಸುಲಭವಲ್ಲ. ಕೊನೆಯ ಪುಟ ಮುಗಿದ ಮೇಲೂ ಮನಸ್ಸು ತಣಿಯದಿದ್ದರೆ, ಕೊರತೆ ತಮ್ಮದೇ ಇರಬೇಕೆಂದು ಅನೇಕರು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಾದ ಕಾರಣವಿಲ್ಲ. ಜೋಸೆಫ್ ಓನೀಲ್ ಅವರು 2008ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ‘ನೆದರ್‌ಲ್ಯಾಂಡ್’ ಕಾದಂಬರಿಯನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು.

ಓನೀಲ್ ಐರ್ಲೆಂಡಿನಲ್ಲಿ ಹುಟ್ಟಿ, ಹಾಲೆಂಡಿನಲ್ಲಿ ಬೆಳೆದು, ನ್ಯೂಯಾರ್ಕಿನಲ್ಲಿ ನೆಲೆಸಿದವರು. ಅಲ್ಲಿಯ ಸ್ಟೇಟನ್ ಐಲೆಂಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ಸ್ವತಃ ಆಡಿದವರು. ಅವರ ಕಾದಂಬರಿ ಆ ನಗರದ ಕ್ರಿಕೆಟ್ ಮೈದಾನಗಳಲ್ಲಿಯೇ ಸಂಚರಿಸುತ್ತದೆ. ಪ್ರಸಿದ್ಧ ವಿಮರ್ಶಕ ಜೇಮ್ಸ್ ವುಡ್ ಅದನ್ನು ಮನಸಾರೆ ಮೆಚ್ಚಿದರು. 2009ರಲ್ಲಿ ಅದಕ್ಕೆ ಪೆನ್-ಫಾಕ್ನರ್ ಪ್ರಶಸ್ತಿ ದೊರೆಯಿತು. ಅದೇ ವರ್ಷ ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮ ತಾವು ಅದನ್ನು ಓದುತ್ತಿರುವುದಾಗಿ ಹೇಳಿದ ಮೇಲೆ ಅದರ ಕೀರ್ತಿ ಇನ್ನಷ್ಟು ಹರಡಿತು.

ಕಥೆಯ ಸಾರ ಇಷ್ಟು. ಹ್ಯಾನ್ಸ್ ಎಂಬ ಡಚ್ ಯುವಕ ನ್ಯೂಯಾರ್ಕಿನ ಬ್ಯಾಂಕೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದಾನೆ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಅವನ ಹೆಂಡತಿ ಮಗುವಿನೊಡನೆ ಲಂಡನ್ನಿಗೆ ಹೊರಟುಹೋಗುತ್ತಾಳೆ. ಒಂಟಿಯಾದ ಹ್ಯಾನ್ಸ್, ಬಾಲ್ಯದಲ್ಲಿ ಆಡಿದ ಕ್ರಿಕೆಟ್ಟಿಗೆ ಮರಳುತ್ತಾನೆ. ವೆಸ್ಟ್ ಇಂಡೀಸ್, ಭಾರತ, ಪಾಕಿಸ್ತಾನ, ಶ್ರೀಲಂಕಾಗಳಿಂದ ವಲಸೆ ಬಂದವರ ನಡುವೆ ಅವನೊಬ್ಬನೇ ಬಿಳಿಯ ಆಟಗಾರ. ಅಲ್ಲಿ ಚಕ್ ರಾಮ್‌ಕಿಸೂನ್ ಎಂಬ ಟ್ರಿನಿಡಾಡಿನವನ ಸ್ನೇಹವಾಗುತ್ತದೆ. ಬ್ರೂಕ್ಲಿನ್ನಿನ ಹಳೆಯ ವಿಮಾನ ನಿಲ್ದಾಣದ ಬಯಲಿನಲ್ಲಿ ಭವ್ಯವಾದ ಕ್ರೀಡಾಂಗಣ ಕಟ್ಟಿಸಿ, ಅಲ್ಲಿ ಭಾರತ ಪಾಕಿಸ್ತಾನಗಳನ್ನು ಆಡಿಸಬೇಕೆಂಬುದು ಚಕ್‌ನ ಕನಸು. ಆದರೆ ಅವನ ಶವ ಕಾಲುವೆಯೊಂದರಲ್ಲಿ ದೊರೆಯುತ್ತದೆ.

ಈ ಕಾದಂಬರಿಯಲ್ಲಿ ಗುಣಗಳಿಲ್ಲವೆಂದು ಯಾರೂ ಹೇಳಲಾರರು. ನಗರದ ಮಂಜು, ಬಿಸಿಲು, ನದಿಗಳನ್ನು ಲೇಖಕರು ಚಿತ್ರಕಾರನಂತೆ ಕಾಣಿಸುತ್ತಾರೆ. ಅಮೆರಿಕಕ್ಕೆ ಕ್ರಿಕೆಟ್ ಹೊಸತಲ್ಲವೆಂಬ ಮರೆತ ಸಂಗತಿಯನ್ನು ನೆನಪಿಸುತ್ತಾರೆ. ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಮೊದಲ ಪಂದ್ಯ ಅಮೆರಿಕ ಮತ್ತು ಕೆನಡಾಗಳ ನಡುವೆ 1844ರಲ್ಲಿ ನಡೆದದ್ದು ನ್ಯೂಯಾರ್ಕಿನಲ್ಲಿಯೇ. ಇಂಥ ನೆಲದ ಮೇಲೆ ನಿಂತ ಕಥೆಯಿಂದ ಓದುಗ ಬಹಳವನ್ನು ನಿರೀಕ್ಷಿಸುತ್ತಾನೆ. ಆ ನಿರೀಕ್ಷೆ ಈಡೇರುವುದಿಲ್ಲ.

ಮೊದಲನೆಯದಾಗಿ, ಇಲ್ಲಿ ಆಟ ಆಟವಾಗಿ ಉಳಿಯುವುದಿಲ್ಲ. ನೊಂದ ಶ್ರೀಮಂತನೊಬ್ಬನು ಬಳಲಿಕೆ ಕಳೆಯಲು ಕುಳಿತುಕೊಳ್ಳುವ ಮರದ ನೆರಳಾಗುತ್ತದೆ. ಒಂದು ಸರಳ ಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಈ ಕಥೆಯಿಂದ ಕ್ರಿಕೆಟ್ಟನ್ನು ತೆಗೆದು ಚದುರಂಗದ ಕೂಟವನ್ನೋ ಸಂಗೀತದ ಮೇಳವನ್ನೋ ಇಟ್ಟರೆ ಹ್ಯಾನ್ಸ್‌ನ ದುಃಖಕ್ಕೆ ಯಾವ ಕೊರತೆಯೂ ಆಗದು. ಅವನ ದಾಂಪತ್ಯ ಮುರಿಯುವ ರೀತಿಯೂ ಮತ್ತೆ ಕೂಡುವ ರೀತಿಯೂ ಬದಲಾಗದು. ಪಂದ್ಯವನ್ನು ಯಾರು ಗೆದ್ದರೆಂಬ ಕುತೂಹಲ ಓದುಗನಲ್ಲಿ ಹುಟ್ಟುವುದೇ ಇಲ್ಲ. ಚಕ್‌ನ ಸಾವನ್ನೂ ಆರಂಭದಲ್ಲಿಯೇ ತಿಳಿಸಿಬಿಡುವುದರಿಂದ, ಅವನ ಕ್ರೀಡಾಂಗಣದ ಆಸೆ ಮೊಳೆಯುವ ಮೊದಲೇ ಬಾಡಿದಂತೆ ತೋರುತ್ತದೆ. ಮುಂದೇನಾಗುವುದೋ ಎಂಬ ಅನಿಶ್ಚಯವೇ ಆಟದ ಉಸಿರು. ಆ ಉಸಿರೇ ಇಲ್ಲಿ ನಿಂತುಹೋಗಿದೆ.

ಇದಕ್ಕೊಂದು ಸುಂದರವಾದ ಅಪವಾದವೂ ಉಂಟು. ಸ್ಟೇಟನ್ ಐಲೆಂಡಿನ ಮೈದಾನದಲ್ಲಿ ಹುಲ್ಲು ದಟ್ಟವಾಗಿರುವುದರಿಂದ ಚೆಂಡು ನೆಲದ ಮೇಲೆ ಉರುಳಿ ದೂರ ಹೋಗುವುದಿಲ್ಲ. ಓಟ ಬೇಕಾದರೆ ದಾಂಡಿಗನು ಚೆಂಡನ್ನು ಮೇಲೆತ್ತಿ ಹೊಡೆಯಲೇಬೇಕು. ನೆಲಕ್ಕೆ ಒತ್ತಿ ಆಡಲು ಕಲಿತ ಹ್ಯಾನ್ಸ್ ಬಹುಕಾಲ ಇದಕ್ಕೆ ಒಪ್ಪುವುದಿಲ್ಲ. ಕೊನೆಗೊಂದು ದಿನ ಹಳೆಯ ಪಾಠವನ್ನು ಬಿಟ್ಟು ಚೆಂಡನ್ನು ಆಕಾಶಕ್ಕೆ ಹಾರಿಸುತ್ತಾನೆ. ವಲಸೆ ಬಂದವನು ಹೊಸ ನೆಲಕ್ಕೆ ಹೊಂದಿಕೊಳ್ಳುವ ಕಷ್ಟವೂ ಸುಖವೂ ಒಂದೇ ಹೊಡೆತದಲ್ಲಿ ಅಡಗಿವೆ. ಲೇಖಕರಿಗೆ ಶಕ್ತಿಯಿತ್ತೆಂಬುದಕ್ಕೆ ಈ ಸನ್ನಿವೇಶವೇ ಸಾಕ್ಷಿ. ಆದುದರಿಂದಲೇ ಉಳಿದ ಭಾಗದ ಬಗೆಗೆ ನಿರಾಶೆ ಹೆಚ್ಚಾಗುತ್ತದೆ.

ಎರಡನೆಯ ಕೊರತೆ ಇದಕ್ಕಿಂತ ಗಂಭೀರವಾದುದು. ವಾರವೆಲ್ಲ ದುಡಿದು, ರಜಾದಿನ ಬಂದೊಡನೆ ಬಿಳಿಯ ಉಡುಪು ಧರಿಸಿ ಮೈದಾನಕ್ಕಿಳಿಯುವ ಆ ವಲಸಿಗರು ಯಾರು? ಅವರು ಊರಿಗೆ ಹಣ ಕಳುಹಿಸುತ್ತಾರೆಯೇ? ಸೋತ ಸಂಜೆ ಮನೆಗೆ ಹೋಗಿ ಏನು ಹೇಳುತ್ತಾರೆ? ಕಾದಂಬರಿ ಅವರ ಊರು, ಹೆಸರುಗಳನ್ನು ಹೇಳುತ್ತದೆ; ಅವರ ಬದುಕಿನೊಳಕ್ಕೆ ಹೆಚ್ಚು ದೂರ ಹೋಗುವುದಿಲ್ಲ. ಚಕ್ ಕಣ್ಣಿಗೆ ಕಟ್ಟುವಂತೆ ಮೂಡಿದ್ದಾನೆ, ನಿಜ. ಆದರೆ ಅವನನ್ನು ಕೊಂದವರು ಯಾರೆಂಬ ಪ್ರಶ್ನೆಗೆ ಉತ್ತರವೇ ಇಲ್ಲ. ಅವನ ಸಾವು ಹ್ಯಾನ್ಸ್‌ನ ನೆನಪುಗಳಿಗೆ ಒಂದು ನೆಪವಾಗುತ್ತದೆ.

ಕಾದಂಬರಿಯೆಂದರೆ ಪಂದ್ಯದ ವರದಿಯಲ್ಲ, ಆಟ ಅಲ್ಲಿ ಸಂಕೇತವಾದರೆ ತಪ್ಪೇನು ಎಂದು ಕೆಲವರು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ದೀಪ ಜ್ಞಾನದ ಸಂಕೇತವಾಗಬೇಕಾದರೆ ಮೊದಲು ಅದು ಉರಿಯಬೇಕು. ಶ್ರೀಲಂಕಾದ ಶೆಹಾನ್ ಕರುಣಾತಿಲಕ ಅವರ ‘ಚೈನಾಮನ್’ ಎಂಬ 2010ರ ಕಾದಂಬರಿಯಲ್ಲಿ ಈ ದೀಪ ಉರಿಯುತ್ತದೆ. ಕುಡಿತದಿಂದ ಸಾಯುತ್ತಿರುವ ಮುದಿ ಪತ್ರಕರ್ತನೊಬ್ಬನು ಕಣ್ಮರೆಯಾದ ಸ್ಪಿನ್ ಬೌಲರ್ ಒಬ್ಬನನ್ನು ಅದರಲ್ಲಿ ಹುಡುಕುತ್ತಾನೆ. ಚೆಂಡನ್ನು ಹಿಡಿಯುವ ಬೆರಳುಗಳ ವಿವರದಿಂದ ಹಿಡಿದು ದೇಶದ ಜನಾಂಗ ಕಲಹದವರೆಗೆ ಎಲ್ಲವೂ ಅಲ್ಲಿ ಒಂದೇ ಎಳೆಯಲ್ಲಿ ನೇಯ್ದಿದೆ. ಅದರಿಂದ ಕ್ರಿಕೆಟ್ಟನ್ನು ತೆಗೆದರೆ ಏನೂ ಉಳಿಯದು.

‘ನೆದರ್‌ಲ್ಯಾಂಡ್’ ಬಿಟ್ಟುಹೋದ ಜನರನ್ನು ಕಾಲ ಮರೆಯಲಿಲ್ಲ. 2024ರ ಟಿ-20 ವಿಶ್ವಕಪ್ಪಿನಲ್ಲಿ ಜೂನ್ 6ರಂದು ಡಲ್ಲಾಸಿನಲ್ಲಿ ಅಮೆರಿಕದ ತಂಡ ಪಾಕಿಸ್ತಾನವನ್ನು ಸೋಲಿಸಿತು. ನಿರ್ಣಾಯಕ ಸೂಪರ್ ಓವರ್ ಎಸೆದವರು ಮುಂಬೈಯಿಂದ ಹೋಗಿ ಅಲ್ಲಿ ಸಾಫ್ಟ್‌ವೇರ್ ಎಂಜಿನಿಯರಾಗಿದ್ದ ಸೌರಭ್ ನೇತ್ರವಳ್ಕರ್. ಅದೇ ಪಂದ್ಯದಲ್ಲಿ 3 ವಿಕೆಟ್ ಪಡೆದವರು, ಅಮೆರಿಕದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದ ನೋಸ್ತುಶ್ ಕೆಂಜಿಗೆ. ಮೂರು ದಿನಗಳ ಬಳಿಕ, ನ್ಯೂಯಾರ್ಕಿನ ಸಮೀಪ ಕಟ್ಟಿದ ತಾತ್ಕಾಲಿಕ ಕ್ರೀಡಾಂಗಣದಲ್ಲಿ ಭಾರತವು ಪಾಕಿಸ್ತಾನವನ್ನು 6 ಓಟಗಳಿಂದ ಮಣಿಸಿತು. ಚಕ್‌ನ ಕನಸು ಒಂದು ಬಗೆಯಲ್ಲಿ ನನಸಾಯಿತು. ಅಲ್ಲಿಯ ಪಂದ್ಯಗಳು ಮುಗಿದ ಮೇಲೆ ಆ ಕ್ರೀಡಾಂಗಣವನ್ನು ಕಳಚಿದರು. ಆದರೆ ಹಗಲು ಕಚೇರಿಯಲ್ಲಿ ದುಡಿದು ಸಂಜೆ ಅಭ್ಯಾಸ ಮಾಡುವವರ ಛಲ ಕಳಚಿಹೋಗುವ ವಸ್ತುವಲ್ಲ. ಕಾದಂಬರಿಕಾರನು ಕಾಣಬೇಕಾದದ್ದು ಅದನ್ನು.

ಪ್ರಶಸ್ತಿಗಳೂ ದೊಡ್ಡವರ ಮೆಚ್ಚುಗೆಯೂ ಪುಸ್ತಕದ ಬಾಗಿಲವರೆಗೆ ದಾರಿ ತೋರಿಸುತ್ತವೆ. ಒಳಗೆ ಹೋಗಿ ನೋಡಬೇಕಾದವನು ಓದುಗನೇ. ಮೆಚ್ಚದಿದ್ದರೆ ಹಾಗೆಂದು ಹೇಳುವ ಹಕ್ಕು ಅವನಿಗೆ ಉಂಟು. ಆದರೆ ಆ ಹಕ್ಕಿನ ಜೊತೆಗೆ ಎರಡು ಕರ್ತವ್ಯಗಳೂ ಇವೆ: ಪುಸ್ತಕವನ್ನು ಪೂರ್ತಿಯಾಗಿ ಓದಿರಬೇಕು, ಅದರ ಗುಣವನ್ನು ಮರೆಮಾಚದೆ ದೋಷಕ್ಕೆ ಕಾರಣ ಕೊಡಬೇಕು. ಹೀಗೆ ಹುಟ್ಟಿದ ನಿರಾಶೆಯು ಕುರುಡು ಹೊಗಳಿಕೆಗಿಂತ ಸಾಹಿತ್ಯಕ್ಕೆ ಹೆಚ್ಚು ಉಪಕಾರಿ.